ದೊಡ್ಡವ್ವನ ಮಳಿಹೂ

ಪುಣೆಯಿಂದ ಊರಿಗೆ ಹೊರಟ ನಮ್ಮಂಥವರಿಗೆ ಸಾತಾರಾ ಅಂದರೆ ಒಂದು ಚಹಾ, ಅಷ್ಟೇ. ಖಂಬಾಟಕಿ ಘಾಟಿನ ತಿರುವುಗಳು ಮುಗಿದಿರುತ್ತವೆ, ಹಿಂದಿನ ಸೀಟಿನ ಮಕ್ಕಳ ಹೊಟ್ಟೆ ತೊಳಸುವುದು ನಿಂತಿರುತ್ತದೆ. ಯಾವುದೋ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, ಒಂದು ವಡಾಪಾವ್ ತಿಂದು, ಕಂದಿ ಪೇಡೆಯ ಅಂಗಡಿ ನೋಡಿ "ನಮ್ಮ ಧಾರವಾಡದ ಪೇಡೇದ ಮುಂದ ಇದೇನು" ಎಂದು ಒಮ್ಮೆ ಹೇಳಿ ಮತ್ತೆ ಹೆದ್ದಾರಿ ಹಿಡಿಯುವುದು. ಕಾಗಲ್ ದಾಟಿ ನಿಪ್ಪಾಣಿ ಹತ್ತಿರವಾಗಿ ಕನ್ನಡ ಬೋರ್ಡು ಕಾಣುವವರೆಗೆ ಜೀವಕ್ಕೆ ಸಮಾಧಾನವಿಲ್ಲ. ಇಪ್ಪತ್ತಾರು ವರ್ಷ ಹೀಗೆ ಓಡಾಡಿದ್ದೇನೆ. ಸಾತಾರಾದಲ್ಲಿ ಬಲಕ್ಕೆ ತಿರುಗಿದರೆ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ.

2022ರ ಜೂನಿನಲ್ಲಿ ತಿರುಗಿದೆ. ಅದಕ್ಕೆ ಕಾರಣ ನಮ್ಮ ಕೋಥರೂಡಿನ ಬಾಲ್ಕನಿಯಲ್ಲಿದ್ದ ಒಂದು ಕುಂಡ, ಆ ಕುಂಡದೊಳಗೆ ಸಾಯುತ್ತಲೂ ಇಲ್ಲದ, ಹೂ ಬಿಡುತ್ತಲೂ ಇಲ್ಲದ ಮೂರು ಗಡ್ಡೆಗಳು.

ಗಡ್ಡೆಗಳ ಕತೆ ಮೊದಲು ಹೇಳಬೇಕು. ಕಲಘಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡವ್ವನ ಮನೆ. ಅತ್ತ ಮಲೆನಾಡೂ ಅಲ್ಲದ, ಇತ್ತ ಬಯಲುಸೀಮೆಯೂ ಅಲ್ಲದ ಜಾಗ. ಸೂಟಿಗೆ ಅಲ್ಲಿಗೇ ಹೋಗುತ್ತಿದ್ದೆವು, ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ. ಹಿತ್ತಲಲ್ಲಿ ಕರಿಬೇವಿನ ಬುಡಕ್ಕೆ ದೊಡ್ಡವ್ವನ "ಮಳಿಹೂ" ಇತ್ತು. ಇತ್ತು ಅಂದರೆ, ಇದೆ ಎಂದು ಅವಳು ಹೇಳುತ್ತಿದ್ದಳು. "ಒಂದ ಮಳಿ ಆಗ್ಲಿ, ನೆಲದಾಗಿಂದ ಹೂ ಎದ್ದ ಬರ್ತಾವ, ಎಲಿ ಗಿಲಿ ಏನೂ ಕಾಣಂಗಿಲ್ಲ, ಬರೇ ಹೂ." ನಾವು ಕಂಡದ್ದು ಬರೇ ಬಿರುಕುಬಿಟ್ಟ ನೆಲ. ಮಳೆ ಬರುವ ಮೊದಲೇ ಸಾಲಿ ಸುರುವಾಗುತ್ತಿತ್ತು, ನಾವು ಹೊರಟುಬಿಡುತ್ತಿದ್ದೆವು. ಹೀಗಾಗಿ ನಾನು ನೋಡದೇ ಪ್ರೀತಿಸಿದ ಹೂ ಅದು.

2019ರ ಮೇ ತಿಂಗಳಲ್ಲಿ ಆ ಮನೆ ಪಾಲಾಗಿ ಮಾರಾಟವಾಯಿತು. ದೊಡ್ಡವ್ವ ಹುಬ್ಬಳ್ಳಿಯಲ್ಲಿ ಮಗನ ಫ್ಲ್ಯಾಟಿಗೆ, ಮೂರನೇ ಮಹಡಿಗೆ ಹೋಗುವುದೆಂದಾಯಿತು. ಪಾತ್ರೆ-ಪಡಗ ಹಂಚಿಕೊಳ್ಳುವ ಗಲಾಟೆಯಲ್ಲಿ ನಾನು ಕೇಳಿದ್ದು ಅದೊಂದನ್ನೇ. ಅವಳು ಕಟ್ಟೆಯ ಮೇಲೆ ಕೂತು ಬಡಿಗೆ ತೋರಿಸಿದಳು, "ಅಲ್ಲೇ, ಕರಿಬೇವಿನ ಬುಡಕ, ಸ್ವಲ್ಪ ಈ ಕಡೆ." ಅಗೆದೆ. ಆರು ಗಡ್ಡೆ ಸಿಕ್ಕವು, ಸಣ್ಣ ಉಳ್ಳಾಗಡ್ಡಿಯಷ್ಟು. ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ರೈಲು ಹತ್ತಿದೆ. ಎದುರಿಗೆ ಕೂತ ಹೆಂಗಸು "ಇಷ್ಟ ಸಣ್ಣ ಉಳ್ಳಾಗಡ್ಡಿ ಊರಿಂದ ಯಾಕ ಒಯ್ಯಾಕತ್ತೀರಿ, ಪುಣೇದಾಗ ಸಿಗೂದಿಲ್ಲೇನು?" ಎಂದು ಕೇಳಿದ್ದಳು.

ನೆಟ್ಟೆ. ಮಳೆಗಾಲ ಸುರುವಾದಾಗ ಆರಕ್ಕೆ ಆರೂ ಎಲೆ ಬಿಟ್ಟವು. ಕಿರಿದಾದ, ಉದ್ದದ, ಹಸಿರು ಎಲೆ. ಹೂ ಇಲ್ಲ. ಇರಲಿ, ಕಿತ್ತು ತಂದ ವರ್ಷ, ಬೇಜಾರಾಗಿರಬೇಕು ಅಂದುಕೊಂಡೆ. 2020ರಲ್ಲಿ ಲಾಕ್‌ಡೌನ್. ನಿಮಗೆಲ್ಲ ನೆನಪಿರಬಹುದು, ಆಗ ಮನೆಯಲ್ಲಿದ್ದವರೆಲ್ಲ ಒಂದೋ ಬ್ರೆಡ್ ಮಾಡಲು ಕಲಿತರು, ಇಲ್ಲವೇ ಗಿಡ ಬೆಳೆಸಿದರು. ನಾನು ಎರಡನೆಯ ಗುಂಪು. ಬೇಸಿಗೆಯುದ್ದಕ್ಕೂ ದಿನಾ ಮುಂಜಾನೆ ಒಂದು ತಂಬಿಗೆ ನೀರು, ಹದಿನೈದು ದಿನಕ್ಕೊಮ್ಮೆ ಗೊಬ್ಬರ. ಎರಡು ಗಡ್ಡೆ ಕೊಳೆತವು. ಮರುವರ್ಷ ಇನ್ನೊಂದು. ಎಲೆ ಮಾತ್ರ ಉಳಿದ ಗಡ್ಡೆಗಳಿಂದ ತಪ್ಪದೇ ಬರುತ್ತಿತ್ತು.

ಪ್ರತಿ ಜೂನಿನಲ್ಲೂ ಹುಬ್ಬಳ್ಳಿಯಿಂದ ಫೋನು. "ಹೂ ಬಿಟ್ಟಾವೇನ?"

"ಇನ್ನೂ ಇಲ್ಲ ದೊಡ್ಡವ್ವಾ."

"ಪುಣೇದ ನೀರ ಹಿಡಿಸಿಲ್ಲ ಅವಕ್ಕ."

ಅವಳಿಗೆ ಎಂಬತ್ತಮೂರು. ಈ ಸಂಭಾಷಣೆ ಇನ್ನೆಷ್ಟು ಜೂನ್ ನಡೆದೀತು ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿತ್ತು. ಹೇಳಿಕೊಳ್ಳುವ ಮಾತಲ್ಲ, ಆದರೆ ಓಡುತ್ತಿತ್ತು.

ಮೊದಲು ಇದು ಯಾವ ಗಿಡ ಎಂದಾದರೂ ಗೊತ್ತಾಗಲಿ ಎಂದು ಹೊರಟೆ. ಎಲೆಯ ಫೋಟೋ ಹಿಡಿದು ಉರುಳಿ ಕಾಂಚನ್ ಕಡೆಯ ನರ್ಸರಿಗಳನ್ನು ಸುತ್ತಿದೆ. ಒಬ್ಬ ನಿಶಿಗಂಧ ಅಂದ, ಅಂದರೆ ನಮ್ಮ ಸುಗಂಧರಾಜ. ಇನ್ನೊಬ್ಬ ಸ್ಪೈಡರ್ ಲಿಲ್ಲಿ ಅಂದ. ಮೂರನೆಯವನು ನೋಡದೆಯೇ "ಲಿಲ್ಲಿ ಆಹೇ ತಾಯಿ" ಅಂದ. ಗಿಡ ಗುರುತಿಸುವ ಆ್ಯಪ್ ಇದೆಯಲ್ಲ, ಅದು ಮೂರು ದಿನ ಮೂರು ಹೆಸರು ಹೇಳಿತು. ಅವರ ತಪ್ಪಲ್ಲ. ಗಡ್ಡೆ ಗಿಡಗಳ ಎಲೆ ಎಲ್ಲ ಒಂದೇ ಮನೆಯ ಮಕ್ಕಳಂತೆ, ಹೂ ನೋಡದೆ ಯಾರು ಯಾರೆಂದು ಹೇಳಲಾಗದು.

ಈ ಹುಡುಕಾಟದಲ್ಲಿ ಒಂದು ಚಟ ಹತ್ತಿತು. ಗಡ್ಡೆ ಗಿಡಗಳನ್ನು ಸೇರಿಸುವ ಚಟ. ಬೇಸಿಗೆಯ ಕೊನೆಗೆ ಎಲೆಗಿಂತ ಮೊದಲೇ ಕೆಂಪು ಚೆಂಡಿನಂತೆ ಏಳುವ ಫುಟ್‌ಬಾಲ್ ಲಿಲ್ಲಿ ಬಂತು, ಅದರ ಮೂಲ ಆಫ್ರಿಕಾ. ಎಲ್ಲರೂ ಅಮರಿಲ್ಲಿಸ್ ಎಂದು ಕರೆಯುವ ದೊಡ್ಡ ಕೆಂಪು ತುತ್ತೂರಿ ಹೂ ಬಂತು. ಓದಿದರೆ ಅದು ಅಮರಿಲ್ಲಿಸೇ ಅಲ್ಲ, ದಕ್ಷಿಣ ಅಮೆರಿಕದ ಹಿಪ್ಪಿಯಾಸ್ಟ್ರಮ್. ನಿಜವಾದ ಅಮರಿಲ್ಲಿಸ್ ದಕ್ಷಿಣ ಆಫ್ರಿಕಾದ್ದು. ನಾವು ದೇವರಿಗೆ ಏರಿಸುವ ಸುಗಂಧರಾಜವೂ ಮೆಕ್ಸಿಕೋದಿಂದ ಬಂದದ್ದು. ನಮ್ಮ ಮನೆಯವರು "ನಿನ್ನ ಬಾಲ್ಕನಿಯೊಳಗ ಇಲ್ಲಿಯವರು ಒಬ್ಬರೂ ಇಲ್ಲಲ್ಲ" ಎಂದು ನಕ್ಕರು. ನಾವಿಬ್ಬರೂ ಇಲ್ಲಿಯವರಲ್ಲ ಎಂದು ನಾನು ನೆನಪಿಸಿದೆ.

ಗುರುತಿಸುವ ವಿದ್ಯೆಯ ಮೊದಲ ಪಾಠ ಅಡಿಗೆಮನೆಯಲ್ಲೇ ಇದೆ. ಉಳ್ಳಾಗಡ್ಡಿಯನ್ನು ಅಡ್ಡ ಕೊಯ್ದರೆ ಪದರು ಪದರು ಕಾಣುತ್ತದಲ್ಲ, ಅದು ಬಲ್ಬ್. ಪದರೆಲ್ಲ ಎಲೆಯ ಬುಡಗಳೇ. ಸುವರ್ಣಗಡ್ಡೆಯನ್ನೋ ಗ್ಲಾಡಿಯೋಲಸ್ ಗಡ್ಡೆಯನ್ನೋ ಕೊಯ್ದರೆ ಪದರಿಲ್ಲ, ಒಳಗೆಲ್ಲ ಒಂದೇ ತಿರುಳು, ಅದು ಊದಿದ ಕಾಂಡ. ಪದರಿನ ಗಡ್ಡೆ ಅಂತಾದ ಮೇಲೆ ಹೂವಿಗಾಗಿ ಕಾಯಬೇಕು. ಒಂದು ದಂಟಿಗೆ ಒಂದೇ ಹೂವೋ, ತುದಿಯಲ್ಲಿ ಗೊಂಚಲೋ, ಸುಗಂಧರಾಜದಂತೆ ದಂಟಿನುದ್ದಕ್ಕೂ ಹೂವೋ? ಕಾಯಿಯಾಗುವ ಭಾಗ ಹೂವಿನ ಕೆಳಗೆ ಗಂಟಿನ ಹಾಗಿದೆಯೋ, ಹೂವಿನೊಳಗೆ ಕೂತಿದೆಯೋ? ಕೆಳಗಿದ್ದರೆ ಅಮರಿಲ್ಲಿಸ್ ಕುಟುಂಬದ ಕಡೆ ನೋಡಬೇಕು. ಒಳಗಿದ್ದರೆ ನಮ್ಮ ಗುಡ್ಡಗಳ ಕಾಡು ಈರುಳ್ಳಿಯ ಕಡೆಯ ನೆಂಟರು. ಆಮೇಲೆ ಹೂವಿನ ನಡುವೆ ಕೇಸರಗಳನ್ನು ಸೇರಿಸುವ ತೆಳು ಬಟ್ಟಲು ಇದೆಯೋ ಇಲ್ಲವೋ. ಕಡೆಗೆ ಬೀಜ. ನನ್ನ ಗಡ್ಡೆಗಳು ಮೊದಲನೇ ಪ್ರಶ್ನೆ ದಾಟಿ ಮುಂದೆ ಬರಲು ಒಪ್ಪಿರಲಿಲ್ಲ.

ಹೀಗಿರುವಾಗ ಒಂದು ಹಳೆಯ ಪುಸ್ತಕ ಕೈಗೆ, ಅಂದರೆ ಫೋನಿಗೆ, ಸಿಕ್ಕಿತು. ಥಿಯೋಡೋರ್ ಕುಕ್ ಬರೆದ, 1901ರಿಂದ 1908ರವರೆಗೆ ಭಾಗ ಭಾಗವಾಗಿ ಬಂದ ಮುಂಬಯಿ ಪ್ರಾಂತ್ಯದ ಸಸ್ಯಗಳ ಗ್ರಂಥ. ಕುಕ್ ಇದೇ ಪುಣೆಯ ಕಾಲೇಜ್ ಆಫ್ ಸಾಯನ್ಸಿನಲ್ಲಿ ಪ್ರಿನ್ಸಿಪಾಲನಾಗಿದ್ದವನು. ನನಗೆ ಮೈ ಜುಮ್ಮೆಂದದ್ದು ಒಂದು ಕಾರಣಕ್ಕೆ. ಆಗಿನ ಮುಂಬಯಿ ಪ್ರಾಂತ್ಯ ಅಂದರೆ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಎಲ್ಲವೂ ಅದರೊಳಗೇ. ನಾನು ಪುಣೆಗೆ ಬಂದು ಹುಡುಕುತ್ತಿದ್ದ ನಮ್ಮೂರಿನ ಗಿಡಗಳ ಲೆಕ್ಕವನ್ನು ನೂರು ವರ್ಷದ ಹಿಂದೆಯೇ ಪುಣೆಯವನೊಬ್ಬ ಬರೆದಿಟ್ಟಿದ್ದ. ಅದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಜಿ. ಮಾರ್ಷಲ್ ವುಡ್ರೋ ಎಂಬವನ ಹೆಸರೂ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಅವನ ಹೆಸರಿನ ಒಂದು ಬಿಳಿಯ ಕ್ರೈನಮ್ ಇದೆ, ಕ್ರೈನಮ್ ವುಡ್ರೋವಿಯೈ. ಅದು ನೂರು ವರ್ಷಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ, ಈ ಶತಮಾನದ ಮೊದಲ ವರ್ಷಗಳಲ್ಲಿ ಮತ್ತೆ ಸಿಕ್ಕಿತು. ಇಂಥ ಗಡ್ಡೆಗಳನ್ನು ನೋಡಬೇಕಾದರೆ ಕಾಸ್ ಪಠಾರ. ಸಾತಾರಾದಲ್ಲಿ ಬಲಕ್ಕೆ ತಿರುಗಿದರೆ ಇಪ್ಪತ್ತೈದು ಕಿಲೋಮೀಟರು.

ಕಾಸ್ ಗೊತ್ತಿಲ್ಲದ ಪುಣೆಯವರಿಲ್ಲ. 2012ರಲ್ಲಿ ಪಶ್ಚಿಮ ಘಟ್ಟಗಳ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಸೆಪ್ಟೆಂಬರಿನಲ್ಲಿ ಅರ್ಧ ಪುಣೆ ಅಲ್ಲಿರುತ್ತದೆ. ದಿನಕ್ಕೆ ಮೂರು ಸಾವಿರ ಜನ ಅಂತ ಮಿತಿ, ಆನ್‌ಲೈನ್ ಟಿಕೀಟು, ಗುಲಾಬಿ ನೇರಳೆ ಹೂಗಳ ಹಾಸಿಗೆಯ ಮುಂದೆ ಸೆಲ್ಫಿ. ಆದರೆ ಗಡ್ಡೆಗಳಿಗೆ ಸೆಪ್ಟೆಂಬರಿನವರೆಗೆ ತಡೆದುಕೊಳ್ಳುವ ತಾಳ್ಮೆ ಇಲ್ಲ. ಅವು ಮೊದಲ ಮಳೆಗೇ ಎದ್ದು, ಹೂ ಬಿಟ್ಟು, ಜನ ಬರುವುದರೊಳಗೆ ಕಾಯಿ ಕಟ್ಟಿ ಮುಗಿಸಿರುತ್ತವೆ. ಹಾಗಾಗಿ ನಾವು ಹೋದ ಜೂನ್ ಮೂರನೇ ವಾರದಲ್ಲಿ ಯವತೇಶ್ವರ ಘಾಟು ಏರುವಾಗ ಮಂಜು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಮೇಲೆ ಹತ್ತಿದಾಗ ಮೊದಲು ನಿರಾಸೆ. ಸುಮಾರು ಸಾವಿರದ ಇನ್ನೂರು ಮೀಟರ್ ಎತ್ತರದಲ್ಲಿ ಒಂದು ಬೋಳು ಬಂಡೆಯ ಮೈದಾನ. ಕೆಳಗೆ ಕರಿಕಲ್ಲು, ಮೇಲೆ ಜಂಬಿಟ್ಟಿಗೆ. ಬಹಳ ಕಡೆ ಮಣ್ಣು ಎಂಬುದು ಒಂದು ಗೇಣೂ ಇಲ್ಲ, ಕೆಲವು ಕಡೆ ಬೆರಳಿನಷ್ಟು. ತೂತು ತೂತು ಕಲ್ಲಿನಲ್ಲಿ ಅಲ್ಲಲ್ಲಿ ನೀರು ನಿಂತಿತ್ತು. ನಾನು ಕೊಡೆ ಹಿಡಿದು, ಸೀರೆಯ ಬದಲು ಅಂದು ಪ್ಯಾಂಟು ಹಾಕಿಕೊಂಡ ಬುದ್ಧಿಯನ್ನು ಮೆಚ್ಚಿಕೊಂಡು, ನಿಧಾನ ನಡೆದೆ. ಆಮೇಲೆ ಕಣ್ಣು ಹೊಂದಿಕೊಂಡವು. ಹುಲ್ಲಿನ ನಡುವೆ ಎಲೆಗಳು. ನನ್ನ ಬಾಲ್ಕನಿಯಲ್ಲಿ ಮೂರು ವರ್ಷದಿಂದ ನೋಡುತ್ತಿದ್ದಂಥವೇ, ಕಿರಿದು, ಉದ್ದ.

ಹತ್ತಿರದ ಹಳ್ಳಿಯ ಒಬ್ಬರು ದನ ಹೊಡೆದುಕೊಂಡು ಬಂದರು. ನಾನು ಮಂಡಿಯೂರಿ ನೆಲ ನೋಡುತ್ತಿದ್ದದ್ದು ಕಂಡು ಏನು ಕಳೆದಿದೆ ಎಂದು ಕೇಳಿದರು. ನನ್ನ ಮರಾಠಿ ಇಪ್ಪತ್ತಾರು ವರ್ಷದ ಮೇಲೂ ಧಾರವಾಡದ ರಾಗದಲ್ಲೇ ಇದೆ, ಹೂವಿನ ಗಡ್ಡೆ ಎಂದು ಹೇಳುವಷ್ಟರಲ್ಲಿ "ಕರ್ನಾಟಕ್?" ಅಂದರು. ಅವರ ಸೊಸೆ ಚಿಕ್ಕೋಡಿಯವಳಂತೆ. ಆ ನೆಂಟಸ್ತಿಕೆಯ ಬಲದ ಮೇಲೆ ನಮ್ಮನ್ನು ಇಳಿಜಾರಿನ ಒಂದು ಕಡೆ ಕರೆದೊಯ್ದು ತೋರಿಸಿದರು. ಬಿಳಿಯ ದೊಡ್ಡ ಕ್ರೈನಮ್ ಗೊಂಚಲುಗಳು, ಮಂಜಿನಲ್ಲಿ ನೆಂದು ಭಾರವಾಗಿ ಬಾಗಿದ್ದವು. ಅವರು ಅದಕ್ಕೆ ಗಡಾಂಬಿ ಕಾಂದಾ ಅಂದರು. ಪರಿಮಳ ಹತ್ತು ಹೆಜ್ಜೆ ದೂರಕ್ಕೇ ಸಿಕ್ಕಿತು. ಹೂ ಬಗ್ಗಿಸಿ ನೋಡಿದೆ. ಕೇಸರದ ಎಳೆಗಳು ಎಸಳಿಗಿಂತ ತೀರ ಗಿಡ್ಡ. ಕ್ರೈನಮ್ ಬ್ರಾಕಿನೀಮಾ. ಆ ಗ್ರೀಕ್ ಹೆಸರಿನ ಅರ್ಥವೇ ಗಿಡ್ಡ ಎಳೆ. ಸಹ್ಯಾದ್ರಿಯ ಈ ಉತ್ತರದ ತುಂಡು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯದ ಹೂವನ್ನು ನಾನು ಎರಡು ಬೆರಳಿನಲ್ಲಿ ಹಿಡಿದಿದ್ದೆ.

ಒಂದು ಗಡ್ಡೆ ಕಿತ್ತುಕೊಳ್ಳಲೇ ಎಂಬ ಆಸೆ ಆಗಲಿಲ್ಲ ಎಂದರೆ ಸುಳ್ಳು. ಪರ್ಸಿನಲ್ಲಿ ಒಂದು ಹಳೆಯ ಚಮಚವೂ ಇತ್ತು, ಅದು ಯಾಕಿತ್ತು ಎಂದು ಕೇಳಬೇಡಿ. ಅವರು ಅಲ್ಲೇ ನಿಂತಿದ್ದರು. ದನ ಇದನ್ನು ಮುಟ್ಟುವುದಿಲ್ಲವೇ ಎಂದು ಕೇಳಿದೆ. ವಿಷ, ಮುಟ್ಟುವುದಿಲ್ಲ, ಮನುಷ್ಯರೇ ಮುಟ್ಟುವುದು ಅಂದರು. ಚಮಚ ಹೊರಗೆ ಬರಲಿಲ್ಲ.

ಕೇಳಬೇಕಾದ್ದನ್ನು ಆಮೇಲೆ ಕೇಳಿದೆ. ಬೇಸಿಗೆಯಲ್ಲಿ ಇಲ್ಲಿ ಹೇಗಿರುತ್ತದೆ? ಅವರು ಕಾಲಿನಿಂದ ಬಂಡೆ ಕುಟ್ಟಿ ತೋರಿಸಿದರು. ತವೆ, ಅಂದರು. ದೀಪಾವಳಿ ಕಳೆದ ಮೇಲೆ ಒಂದು ಹನಿ ಇಲ್ಲ, ಹುಲ್ಲೆಲ್ಲ ಒಣಗಿ ಕೆಲವು ಕಡೆ ಸುಟ್ಟೂ ಹೋಗುತ್ತದೆ, ಮೇ ತಿಂಗಳಲ್ಲಿ ಬರಿಗಾಲಲ್ಲಿ ನಡೆಯಲಾಗುವುದಿಲ್ಲ. ಏಳು ತಿಂಗಳು ಗಡ್ಡೆ ಆ ತವೆಯೊಳಗೆ ಮಲಗಿರುತ್ತದೆ.

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಮೂರು ಬೇಸಿಗೆ, ದಿನಾ ಮುಂಜಾನೆ ಒಂದು ತಂಬಿಗೆ ನೀರು. ಸತ್ತ ಮೂರು ಗಡ್ಡೆಗಳನ್ನು ನಾನೇ ನೀರು ಕುಡಿಸಿ ಕೊಂದಿದ್ದೆ. ದೊಡ್ಡವ್ವ ತನ್ನ ಜನ್ಮದಲ್ಲಿ ಅವಕ್ಕೆ ಒಂದು ಚೊಂಬು ನೀರು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಆ ಬಿರುಕುಬಿಟ್ಟ ನೆಲ ನನ್ನ ಕಣ್ಣ ಮುಂದೇ ಇತ್ತಲ್ಲ, ಪ್ರತಿ ಸೂಟಿಗೂ!

ಅಂದಿನಿಂದ ಮಾಡಿದ್ದು ಇಷ್ಟು. ಗೊಬ್ಬರ ತೆಗೆದು ಮಣ್ಣಿಗೆ ಅರ್ಧಕ್ಕರ್ಧ ಇಟ್ಟಿಗೆ ಚೂರು, ದಪ್ಪ ಮರಳು ಬೆರೆಸಿದೆ. ಗಡ್ಡೆಯ ಕತ್ತು ಮೇಲೆ ಕಾಣುವ ಹಾಗೆ ನೆಟ್ಟೆ. ಎಲೆ ಹಸಿರಿದ್ದಷ್ಟು ದಿನ ನೀರು ಕೊಟ್ಟೆ, ಯಾಕೆಂದರೆ ಮುಂದಿನ ವರ್ಷದ ಹೂವಿನ ಅಡಿಗೆ ಆ ಎಲೆಯಲ್ಲೇ ಆಗಬೇಕು. ನವೆಂಬರಿನಲ್ಲಿ ಎಲೆ ಹಳದಿಯಾಯಿತು. ನೀರು ನಿಲ್ಲಿಸಿ, ಕುಂಡವನ್ನು ಬಿಸಿಲಿಗೆ ಅಡ್ಡ ಮಲಗಿಸಿಬಿಟ್ಟೆ. ಕೆಲಸದ ಮೌಶಿ ಎರಡು ಸಲ ಅದನ್ನು ಕಸಕ್ಕೆ ಹಾಕಲು ಒಯ್ದಳು, ಎರಡು ಸಲವೂ ಲಿಫ್ಟಿನ ಹತ್ತಿರ ಹಿಡಿದೆ.

2023ರಲ್ಲಿ ಮಳೆ ನಮ್ಮನ್ನೆಲ್ಲ ಆಡಿಸಿತು. ಜೂನ್ ಹತ್ತಾಯಿತು, ಹದಿನೈದಾಯಿತು, ಇಪ್ಪತ್ತಾಯಿತು. ಜೂನ್ 25ರಂದು ಮುಂಬಯಿಗೂ ದಿಲ್ಲಿಗೂ ಒಂದೇ ದಿನ ಮುಂಗಾರು ಬಂದ ವರ್ಷ ಅದು, ನಿಮ್ಮಲ್ಲಿ ಬಹಳ ಜನರಿಗೆ ನೆನಪಿರಬಹುದು. ಅಷ್ಟು ದಿನ ತಂಬಿಗೆಯನ್ನು ಕೈಗೆ ಸಿಗದಂತೆ ಇಟ್ಟಿದ್ದೆ. ಪುಣೆಯಲ್ಲಿ ಮಳೆ ಹಿಡಿದ ಸಂಜೆ ಕುಂಡವನ್ನು ಗಚ್ಚಿಗೆ ಒಯ್ದು ನೆನೆಯಲು ಬಿಟ್ಟೆ. ಒಂಬತ್ತನೇ ದಿನ ಮಣ್ಣಿನಿಂದ ಬೆರಳಿನ ಹಾಗೆ ಒಂದು ದಂಟು. ಅದರ ತುದಿಗೆ ತೆಳು ಕಾಗದದಂಥ ಪೊರೆ, ಪೊರೆಯೊಳಗೆ ಮೂರು ಮೊಗ್ಗು.

ಸಂಜೆ ಅರಳಿದವು. ಬಿಳಿ. ಕಡ್ಡಿಯಷ್ಟು ಸಣ್ಣನೆಯ ಉದ್ದ ಕೊಳವೆ, ಅದರ ತುದಿಗೆ ಆರು ಕಿರಿದಾದ ಎಸಳು, ನಡುವೆ ಈರುಳ್ಳಿ ಪೊರೆಯಂಥ ಬಟ್ಟಲು, ಬಟ್ಟಲಿನ ಅಂಚಿನಿಂದ ಕೇಸರಗಳು. ನಾನು ಕನ್ನಡಕ ಹಾಕಿಕೊಂಡು ಪ್ರಶ್ನೆಗಳನ್ನು ಸಾಲಾಗಿ ಕೇಳಿದೆ, ಅದು ಸಾಲಾಗಿ ಉತ್ತರ ಕೊಟ್ಟಿತು. ಕಾಯಿ ಹೂವಿನ ಕೆಳಗೆ: ಅಮರಿಲ್ಲಿಸ್ ಕುಟುಂಬ. ಬಟ್ಟಲಿದೆ: ಹಾಗಾದರೆ ಕ್ರೈನಮ್ ಅಲ್ಲ. ಬಟ್ಟಲಿರುವವುಗಳಲ್ಲಿ ನಾನು ಬಲ್ಲವು ಎರಡು, ಅಮೆರಿಕದ ಸ್ಪೈಡರ್ ಲಿಲ್ಲಿ, ನಮ್ಮ ಕಡೆಯ ಪಂಕ್ರಾಶಿಯಂ. ಇವೆರಡನ್ನು ಬಿಡಿಸುವುದು ಬೀಜ. ಸ್ಪೈಡರ್ ಲಿಲ್ಲಿಗೆ ಒಂದೆರಡು ದಪ್ಪ ಹಸಿರು ಬೀಜ, ಪಂಕ್ರಾಶಿಯಂಗೆ ಕರಿಯ, ಮೂಲೆ ಮೂಲೆಯ ಒಣ ಬೀಜ. ಅದಕ್ಕೆ ಇನ್ನೂ ಕಾಯಬೇಕಿತ್ತು. ಆದರೆ ದೊಡ್ಡವ್ವನಿಗೆ ಫೋನು ಮಾಡಲು ಬೀಜ ಬೇಕಿರಲಿಲ್ಲ.

ಅಣ್ಣನ ಮಗಳು ವಿಡಿಯೋ ಹಿಡಿದು ಅವಳ ಮುಂದಿಟ್ಟಳು. ನಾನು ಕುಂಡವನ್ನು ದೀಪಕ್ಕೆ ಹಿಡಿದೆ. ದೊಡ್ಡವ್ವ ಬಹಳ ಹೊತ್ತು ನೋಡಿದಳು.

"ಇದು ಯಾವ ಹೂವ?"

"ನಿನ್ನ ಮಳಿಹೂ, ದೊಡ್ಡವ್ವಾ."

"ನಂದಲ್ಲ ಇದು. ನಂದು ಗುಲಾಬಿ ಬಣ್ಣದ್ದು. ಅಳ್ನಾವರದಾಗ ಸ್ಟೇಷನ್ ಮಾಸ್ತರ್ ಹೇಣ್ತಿ ಕೊಟ್ಟಿದ್ದಳು, ನನ್ನ ಮದವಿ ಆದ ವರ್ಷ." ಮತ್ತೆ ಪರದೆಯ ಹತ್ತಿರ ಮುಖ ತಂದಳು. "ಅಯ್ಯ, ಇದು ಹಿತ್ತಲದಾಗಿನ ಕಳೆ ಐತಲ್ಲ! ಇದನ್ನ ಕಿತ್ತು ಕಿತ್ತು ನನ್ನ ಬೆರಳ ಸವದಾವ. ಇದಕ್ಕ ನಾಕ ವರ್ಷ ನೀರ ಹಾಕಿದೇನ?"

ಅವಳು ನಗಲು ಸುರುಮಾಡಿದಳು. ಅವಳ ಹಿಂದೆ ಅಣ್ಣನ ಮಗಳೂ. ನಾನೂ ನಕ್ಕೆ, ಫೋನಿಟ್ಟ ಮೇಲೆ ಅತ್ತೆ.

ಬಡಿಗೆ ತೋರಿಸಿದ ಜಾಗದಲ್ಲಿ ನಾನು ಸ್ವಲ್ಪ ಆ ಕಡೆ ಅಗೆದಿರಬೇಕು. ಎಲೆ ಇಲ್ಲದ ಮೇ ತಿಂಗಳಲ್ಲಿ ಎಲ್ಲ ಗಡ್ಡೆಯೂ ಉಳ್ಳಾಗಡ್ಡಿಯೇ. ಅವಳ ಮಳಿಹೂ ಯಾವುದೆಂದು ಈಗ ಗುಲಾಬಿ ಬಣ್ಣ ಕೇಳಿದೊಡನೆ ಗೊತ್ತಾಯಿತು, ರೇನ್ ಲಿಲ್ಲಿ, ಝೆಫಿರಾಂಥಸ್. ಅಮೆರಿಕ ಖಂಡದಿಂದ ಬಂದು ನಮ್ಮ ಅಂಗಳಗಳಲ್ಲಿ ಮನೆಮಗಳಾದದ್ದು. ಊರಿನಲ್ಲಿರುವ ಸೋದರಮಾವನ ಮಗನಿಗೆ ಹೋಗಿ ನೋಡಲು ಹೇಳಿದೆ. ಫೋಟೋ ಕಳಿಸಿದ. ಹಿತ್ತಲೆಲ್ಲ ಸಮ ಮಾಡಿ ಗಟ್ಟು ಹಾಕಿದ್ದಾರೆ, ಕರಿಬೇವೂ ಇಲ್ಲ.

ನರ್ಸರಿಯಲ್ಲಿ ಗುಲಾಬಿ ರೇನ್ ಲಿಲ್ಲಿ ಬೇಕಾದಷ್ಟು. ಹತ್ತು ಗಡ್ಡೆ ತೆಗೆದುಕೊಂಡು ಶ್ರಾವಣದಲ್ಲಿ ಹುಬ್ಬಳ್ಳಿಗೆ ಹೋದೆ. ದೊಡ್ಡವ್ವ ಅವನ್ನು ಹಳೆಯ ಪೇಂಟಿನ ಬಕೀಟಿನಲ್ಲಿ ನೆಟ್ಟಳು. ಒಂದು ದೊಡ್ಡ ಮಳೆಯ ನಾಲ್ಕನೇ ದಿನಕ್ಕೆ ಹೂವೂ ಬಂತು. ಫೋನು ಮಾಡಿದಳು. "ಬಣ್ಣ ಇದ. ಆದ್ರ ನಂದು ಇದರಕ್ಕಿಂತ ದೊಡ್ಡದಿತ್ತು."

ಅವಳು ಹೇಳಿದ್ದು ಸರಿ. ನಾನು ಒಯ್ದದ್ದು ಸಣ್ಣ ಹೂವಿನ ರೋಸಿಯಾ. ಅವಳದು ದೊಡ್ಡ ಹೂವಿನ ಕ್ಯಾರಿನಾಟಾ ಇದ್ದಿರಬೇಕು. ಎಂಬತ್ತನಾಲ್ಕರ ಮುದುಕಿ ಯಾವ ಪುಸ್ತಕವೂ ಇಲ್ಲದೆ ಎರಡು ಜಾತಿ ಬಿಡಿಸಿ ಹೇಳಿದ್ದಳು. ಕ್ಯಾರಿನಾಟಾ ಕಡೆಗೆ ಸಿಕ್ಕದ್ದು ನರ್ಸರಿಯಲ್ಲಲ್ಲ, ನಮ್ಮ ಸೊಸೈಟಿಯ ವಾಚ್‌ಮನ್ ಕೋಣೆಯ ಹಿಂದೆ, ಒಡೆದ ಟಬ್ಬಿನಲ್ಲಿ. ಆರು ಗಡ್ಡೆ ಕೇಳಿ ಇಸಿದುಕೊಂಡೆ.

ನನ್ನ ಕುಂಡದ ಹೂಗಳಲ್ಲಿ ಒಂದು ಕಾಯಿ ಕಟ್ಟಿತು. ಒಡೆದಾಗ ಕರಿಯ, ಮೂಲೆ ಮೂಲೆಯ ಬೀಜ. ಪಂಕ್ರಾಶಿಯಂ. ಅದರಲ್ಲೂ ಸಣ್ಣ ಗಡ್ಡೆ, ಕಿರಿದಾದ ಎಲೆ, ಗಿಡ್ಡ ದಂಟು: ಪಂಕ್ರಾಶಿಯಂ ಪಾರ್ವಂ ಎಂದು ಚೀಟಿ ಬರೆದು ಕುಂಡಕ್ಕೆ ಸಿಕ್ಕಿಸಿದ್ದೇನೆ. ಪಾರ್ವಂ ಅಂದರೆ ಲ್ಯಾಟಿನ್ನಿನಲ್ಲಿ ಚಿಕ್ಕದು. ಮುಂಬಯಿ ಪ್ರಾಂತ್ಯದ ಕಾಡು ಇಲಾಖೆಯಲ್ಲಿದ್ದ ಡಾಲ್ಜೆಲ್ ಇಟ್ಟ ಹೆಸರು. ನನ್ನ ಬಾಲ್ಕನಿಯಲ್ಲಿ ಸಹ್ಯಾದ್ರಿಯದು ಎಂದು ಹೇಳಿಕೊಳ್ಳಬಹುದಾದದ್ದು ಅದೊಂದೇ.

ಕ್ಯಾರಿನಾಟಾ ಗಡ್ಡೆ ತರುತ್ತೇನೆಂದು ಹೇಳಲು ಫೋನು ಮಾಡಿದಾಗ ದೊಡ್ಡವ್ವ ಎಲ್ಲ ಕೇಳಿ, "ಆ ಕಳೆದ್ದು ಬೀಜ ಆಗ್ಯಾವೇನ?" ಎಂದಳು.

"ಹದಿಮೂರು ಆಗ್ಯಾವ."

"ಬರೂ ಮುಂದ ಒಂದೀಟು ತೊಗೊಂಬಾ. ಇಲ್ಲಿ ಕೀಳಾಕ ಏನೂ ಇಲ್ಲ."

ಏಳು ಬೀಜ ಹುಬ್ಬಳ್ಳಿಗೆ ಹೋದವು. ಬೀಜದಿಂದ ಹೂವಾಗಲು ಕೆಲವು ವರ್ಷವೇ ಬೇಕು ಎಂದು ಅವಳಿಗೆ ಹೇಳಿದೆ. ಬಕೀಟು ಬಿಸಿಲಿಗೆ ಸರಿಸು ಅಂದಳು.